ಮರ್ಯಾದೆಯ ತಾವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಸೀಮೆಗೆ ಪರನಾಡು ಎಂಬುದು ಎಂದೂ ಬಹಳ ದೂರದ ಮಾತಾಗಿರಲಿಲ್ಲ. 1953ರ ಅಕ್ಟೋಬರ್ 1ರವರೆಗೆ ಈ ನೆಲ ಮದರಾಸಿಗೆ ಸೇರಿತ್ತು. ಸ್ವಾತಂತ್ರ್ಯಕ್ಕೆ ಮುಂಚಿನ ಮಾತು ಹೇಳುವುದಾದರೆ, ಕೂಡ್ಲಿಗಿಯಿಂದ ತೆಂಕಣಕ್ಕೆ ಹೊರಟವನಿಗೆ ಮೈಸೂರು ಅರಸರ ಸೀಮೆ ಎದುರಾಗುತ್ತಿತ್ತು. ತುಂಗಭದ್ರೆಯನ್ನು ದಾಟಿದವನಿಗೆ ಒಂದು ಕಡೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ, ಇನ್ನೊಂದು ಕಡೆ ನಿಜಾಮರ ಕೊಪ್ಪಳ. ನಿಜಾಮರ ನಾಡಿನಲ್ಲಿ ನಾಣ್ಯವೇ ಬೇರೆ, ಅದಕ್ಕೆ ಹಾಲಿ ಸಿಕ್ಕಾ ಎಂದು ಹೆಸರು; ಕಚೇರಿಯ ಭಾಷೆ ಉರ್ದು. ಹೊಳೆಯಾಚೆಗೆ ಹೆಣ್ಣು ಕೊಟ್ಟು ತಂದ ನಮ್ಮ ಹಿರಿಯರು, ಮನುಷ್ಯರು ಒಂದೇ, ವಾಡಿಕೆಗಳು ಬೇರೆ ಎಂಬುದನ್ನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ. ಈಗ ಈ ಐದೂ ತಾಲ್ಲೂಕುಗಳು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿವೆ.

ಆ ಹೊಳೆ ಈಗ ಕಡಲಾಗಿದೆ. ಹುಟ್ಟಿದ ನಾಡನ್ನು ನೋಡಿ ಏಷ್ಯದವರನ್ನು ಹೊರಗಿಡುತ್ತಿದ್ದ ಹಳೆಯ ವಲಸೆ ಪದ್ಧತಿಯನ್ನು ಅಮೆರಿಕ 1965ರಲ್ಲಿ ಕೈಬಿಟ್ಟಿತು. ಮೊದಲು ವೈದ್ಯರು ಹೋದರು, ಎಂಜಿನಿಯರರು ಹೋದರು. ಆಮೇಲೆ ಕಂಪ್ಯೂಟರ್ ಕಲಿತ ಮಕ್ಕಳು ಹೋದರು. ಅವರ ಹಿಂದೆ, ಮಗಳ ಬಾಣಂತನಕ್ಕೆಂದೋ ಮೊಮ್ಮಗನನ್ನು ನೋಡಲೆಂದೋ, ಮೆಣಸಿನಪುಡಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ತಂದೆತಾಯಿಗಳು ವಿಮಾನ ಹತ್ತುತ್ತಿದ್ದಾರೆ. ಅವರಿಗೆ ಸಾಮಾನ್ಯವಾಗಿ ಸಿಕ್ಕುವ ಅವಧಿ ಆರು ತಿಂಗಳು. ಆರು ತಿಂಗಳು ಒಂದು ನಾಡನ್ನು ಅರಿಯುವುದಕ್ಕೆ ಸಾಲದು. ಆದರೆ ಅದರ ಮೇಲೆ ತೀರ್ಪು ಕೊಡುವುದಕ್ಕೆ ಧಾರಾಳವಾಗಿ ಸಾಕು.

ಹಿಂತಿರುಗಿದವರಿಂದ ನಾನು ಕೇಳಿದ ತೀರ್ಪುಗಳು ಎರಡು ಬಗೆ. “ಅಲ್ಲಿಯವರಿಗೆ ಮನುಷ್ಯರೇ ಬೇಡ” ಎಂಬುದು ಒಂದು. “ಅಲ್ಲಿಯವರು ಎಷ್ಟು ಮರ್ಯಾದಸ್ಥರು, ನಮ್ಮವರಿಗೆ ಮಾತಾಡಲಿಕ್ಕೇ ಬರುವುದಿಲ್ಲ” ಎಂಬುದು ಇನ್ನೊಂದು. ವಿಚಿತ್ರವೆಂದರೆ ಗಂಡ ಒಂದನ್ನು ಹೇಳಿದರೆ ಹೆಂಡತಿ ಇನ್ನೊಂದನ್ನು ಹೇಳುತ್ತಾಳೆ. ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ! ಇಬ್ಬರೂ ಕಂಡದ್ದು ನಿಜವೇ. ಒಂದೊಂದು ಸಮಾಜ ತನ್ನ ಮರ್ಯಾದೆಯನ್ನು ಒಂದೊಂದು ತಾವಿನಲ್ಲಿ ಇಟ್ಟಿರುತ್ತದೆ. ನಾವು ನಮ್ಮ ಮನೆಯ ಗೂಡಿನಲ್ಲಿ ಹುಡುಕಿದಂತೆ ಅಲ್ಲಿಯೂ ಹುಡುಕಿ, ಸಿಗದಿದ್ದಾಗ ಅವರಲ್ಲಿ ಅದು ಇಲ್ಲವೇ ಇಲ್ಲ ಎಂದುಬಿಡುತ್ತೇವೆ. ಈ ಮಾತನ್ನು ಕೆಲವು ಉದಾಹರಣೆಗಳಿಂದ ವಿವರಿಸುವುದು ನನ್ನ ಉದ್ದೇಶ.

ಮೊದಲು “ಥ್ಯಾಂಕ್ಸ್” ಎಂಬ ಮಾತನ್ನೇ ತೆಗೆದುಕೊಳ್ಳೋಣ. ಅಮೆರಿಕದವನು ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಅದನ್ನು ಹೇಳುತ್ತಾನೆ, ಉಪ್ಪಿನ ಬಟ್ಟಲು ಸರಿಸಿದ ಹೆಂಡತಿಗೂ ಹೇಳುತ್ತಾನೆ, ಮೂರು ವರ್ಷದ ಮಗುವಿಗೂ ಹೇಳುತ್ತಾನೆ. ನಮ್ಮ ಕಡೆ ತಟ್ಟೆಗೆ ರೊಟ್ಟಿ ಹಾಕಿದ ತಾಯಿಗೆ ಯಾರಾದರೂ “ಧನ್ಯವಾದ” ಎಂದರೆ ಅವಳು ಹುಡುಗನಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಯಾಳು. ಅಮೆರಿಕದಿಂದ ಮರಳಿದ ಹಿರಿಯಳೊಬ್ಬಳು ಸೊಸೆಯ ಬಗ್ಗೆ ನನ್ನೆದುರು ನೊಂದುಕೊಂಡದ್ದುಂಟು: “ಒಂದೊಂದು ತುತ್ತಿಗೂ ಥ್ಯಾಂಕ್ಸ್ ಅಂತಾಳ್ರಿ. ನಾನೇನು ಹೋಟ್ಲಿನಾಕಿ ಏನ್ರಿ?” ಸೊಸೆಯದು ಅಲ್ಲಿ ಬೆಳೆದ ನಾಲಿಗೆ, ಅವಳು ಗೌರವವನ್ನು ಕೊಟ್ಟಳು. ಅತ್ತೆಗೆ ತಲುಪಿದ್ದು ಮಾತ್ರ “ನೀವು ಹೊರಗಿನವರು” ಎಂಬ ಅರ್ಥ. ತಪ್ಪು ಯಾರದೂ ಅಲ್ಲ, ಆದರೆ ಗಾಯ ಮಾತ್ರ ನಿಜ.

ಹಾಗಾದರೆ ನಮ್ಮಲ್ಲಿ ಕೃತಜ್ಞತೆಯೇ ಇಲ್ಲವೇ? ಉಂಟು; ಅದು ನಮ್ಮ ವ್ಯಾಕರಣದೊಳಗೆ ಕುಳಿತಿದೆ. “ಕೊಡು” ಎಂಬುದು ಬೇರೆ, “ಕೊಡ್ರಿ” ಎಂಬುದು ಬೇರೆ. ಆ ಒಂದು “ರಿ”ಕಾರದಲ್ಲಿ ವಿನಂತಿಯೂ ಅಡಗಿದೆ, ಗೌರವವೂ ಅಡಗಿದೆ. ಅದರ ಮೇಲೆ “ಅಣ್ಣ”, “ಯಕ್ಕ”, “ಯವ್ವ” ಎಂದು ಸೇರಿಸಿಬಿಟ್ಟರೆ ಅಪರಿಚಿತನೂ ಬಳಗಕ್ಕೆ ಸೇರಿದ ಹಾಗೆಯೇ. ಬಳಗದವರಿಗೆ ಧನ್ಯವಾದದ ಲೆಕ್ಕವಿಲ್ಲ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದ ಬಳಕೆಯಿಂದ ಬಿದ್ದುಹೋಗಿ ಶತಮಾನಗಳಾದವು. ಕ್ರಿಯಾಪದದಲ್ಲಿ ಮರ್ಯಾದೆಗೆ ಜಾಗವಿಲ್ಲದ ಭಾಷೆ ಅದನ್ನು “ಪ್ಲೀಸ್” ಎಂದು, “ಥ್ಯಾಂಕ್ಸ್” ಎಂದು ಬೇರೆ ಮಾತಾಗಿಯೇ ಆಡಿ ತೋರಿಸಬೇಕು. ನಮ್ಮ ಹಿರಿಯರು ಅಲ್ಲಿಯ ಅಂಗಡಿಯಲ್ಲಿ “ಗಿವ್ ವಾಟರ್” ಎನ್ನುತ್ತಾರೆ. ಮನಸ್ಸಿನಲ್ಲಿ ಅವರು ಹೇಳಿದ್ದು “ನೀರು ಕೊಡ್ರಿ” ಎಂದು. ಅಂಗಡಿಯವನು ಕೇಳಿದ್ದು “ಏ, ನೀರು ಕೊಡು” ಎಂದು. ಹಾಗೆಯೇ ಅಲ್ಲಿ ಇಪ್ಪತ್ತರ ಹುಡುಗ ಅರವತ್ತರ ಮೇಲಧಿಕಾರಿಯನ್ನು ಬರಿಯ ಹೆಸರಿನಿಂದ ಕೂಗಿದಾಗ ನಮ್ಮ ಕಿವಿಗೆ ಅದು ಉದ್ಧಟತನ. ಅಲ್ಲಿಯವರಿಗೆ ಅದು ಇಬ್ಬರ ನಡುವಿನ ಸಲಿಗೆಯ ಗುರುತು.

ಇನ್ನು ಕುಶಲಪ್ರಶ್ನೆ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಬಸ್ಸಿನಲ್ಲಿ ಹೊರಟರೆ, ಪಕ್ಕದಲ್ಲಿ ಕುಳಿತವರು ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಪಗಾರ ಎಷ್ಟು ಎಂಬುದನ್ನೆಲ್ಲ ಇಳಿಯುವುದರೊಳಗೆ ತಿಳಿದುಕೊಳ್ಳುತ್ತಾರೆ. ಅಮೆರಿಕದಲ್ಲಿ ಸಂಬಳವನ್ನೋ ವಯಸ್ಸನ್ನೋ ಕೇಳುವುದು ಅನುಚಿತ. ಆದರೆ ಗುರುತಿಲ್ಲದವನು ಎದುರಾಗಿ “ಹೌ ಆರ್ ಯು” ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದುಬಿಡುತ್ತಾನೆ. ಮೊಣಕಾಲು ನೋವಿನ ವೃತ್ತಾಂತವನ್ನು ಆರಂಭಿಸಿದ ನಮ್ಮ ಯಜಮಾನರು ಅರ್ಧದಲ್ಲೇ ಉಳಿದು, ಇದೆಂಥ ಕಪಟ ಎಂದುಕೊಳ್ಳುತ್ತಾರೆ. ನಾವು “ಊಟ ಆತೇನ್ರಿ?” ಎಂದು ಕೇಳುವಾಗಲೂ ಊಟಕ್ಕೆ ಏನಿತ್ತೆಂಬ ವಿವರವನ್ನು ನಿರೀಕ್ಷಿಸುವುದಿಲ್ಲವಷ್ಟೆ. ಎರಡೂ ಪ್ರಶ್ನೆಯ ವೇಷ ತೊಟ್ಟ ನಮಸ್ಕಾರಗಳೇ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತಮ್ಮ ತಿಮ್ಮನನ್ನು ಅಲ್ಲಿಗೊಮ್ಮೆ ಕಳಿಸಿದ್ದರೆ, ಅವನು ಈ ಎರಡು ನಮಸ್ಕಾರಗಳ ನಡುವೆ ಒಳ್ಳೆಯ ಗೊಂದಲವನ್ನೇ ಎಬ್ಬಿಸುತ್ತಿದ್ದ.

ಊಟದ ಮನೆಯಲ್ಲಿಯೂ ಇದೇ ಕಥೆ. ನಮ್ಮಲ್ಲಿ ಮೊದಲ “ಬೇಡ” ಸಂಕೋಚಕ್ಕೆ, ಎರಡನೆಯದು ಉಪಚಾರಕ್ಕೆ, ಮೂರನೆಯದು ಮಾತ್ರ ಹೊಟ್ಟೆಯ ಮಾತು. ಬಡಿಸುವವರಿಗೂ ಇದು ಗೊತ್ತು. ಅಮೆರಿಕದ ಮನೆಯಾಕೆ ಒಮ್ಮೆ ಕೇಳುತ್ತಾಳೆ. ಬೇಡ ಎಂದರೆ ಪಾತ್ರೆಯನ್ನು ಮುಚ್ಚಿಡುತ್ತಾಳೆ. ನಮ್ಮ ಅತಿಥಿ ಹಸಿದು ಎದ್ದು, “ಒತ್ತಾಯಿಸಲೇ ಇಲ್ಲ” ಎಂದು ಕೊರಗುತ್ತಾನೆ. ಅವಳ ಮಟ್ಟಿಗೆ ಅತಿಥಿಯ ಮಾತನ್ನು ನಂಬುವುದೇ ಅತಿಥಿಗೆ ಕೊಡುವ ಗೌರವ. ಅದೇ ಅಮೆರಿಕದವನು ನಮ್ಮ ಮನೆಗೆ ಬಂದು, ಬೇಡವೆಂದರೂ ತಟ್ಟೆಗೆ ಬಿದ್ದ ನಾಲ್ಕನೆಯ ಹೋಳಿಗೆಯನ್ನು ನೋಡಿ, “ಇವರು ನನ್ನ ಮಾತಿಗೆ ಬೆಲೆಯನ್ನೇ ಕೊಡುವುದಿಲ್ಲ” ಎಂದುಕೊಂಡರೆ ಅದನ್ನೂ ನಾವು ಅರ್ಥಮಾಡಿಕೊಳ್ಳಬೇಕು.

ಈ ಭೇದಗಳು ಎಲ್ಲಿಂದ ಬಂದವು? ಇದಕ್ಕೆ ಅನೇಕ ಕಾರಣಗಳುಂಟು. ಅವುಗಳಲ್ಲಿ ನೆಲದ ಹಂಚಿಕೆ ಮುಖ್ಯವೆಂದು ನನ್ನ ಭಾವನೆ. ನಮ್ಮ ಕಡೆ ಮನೆಗಳೆಲ್ಲ ಒಂದೆಡೆ, ಅಗಸಿಯ ಒಳಗೆ ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿವೆ. ಹೊಲಗಳು ಊರ ಹೊರಗೆ. ಬೆಳಗಾದರೆ ನೂರು ಮುಖ ಕಾಣುತ್ತೇವೆ, ನೂರಕ್ಕೂ ಹೆಸರು ಬಲ್ಲೆವು. ಅಮೆರಿಕದ ನಡುಭಾಗದಲ್ಲಿ ನೆಲವನ್ನು 1785ರ ಕಾಯಿದೆಯಂತೆ ಹಾಸುಹೊಕ್ಕಿನ ಹಾಗೆ ಗೆರೆ ಎಳೆದು, ಒಂದೊಂದು ಚದರ ಮೈಲಿಯ ಚೌಕಗಳಾಗಿ ಅಳೆದರು. 1862ರ ಹೋಮ್‌ಸ್ಟೆಡ್ ಕಾಯಿದೆ ಅಂಥ ಚೌಕದ ಕಾಲುಭಾಗವನ್ನು, ಎಂದರೆ 160 ಎಕರೆಯನ್ನು, ಕೇಳಿ ಬಂದವರಿಗೆ ಕೊಟ್ಟಿತು. ಕೊಟ್ಟದ್ದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲವೆಂಬುದನ್ನು ಮರೆಯುವಂತಿಲ್ಲ. ಷರತ್ತು ಏನೆಂದರೆ, ಪಡೆದವನು ಆ ನೆಲದ ಮೇಲೆಯೇ ಮನೆ ಕಟ್ಟಿ ಐದು ವರ್ಷ ವಾಸಿಸಿ ಉಳಬೇಕು. ಹೀಗೆ ಮನೆಗಳು ಹೊಲದ ನಡುವೆ ಒಂಟಿಯಾದವು. ನೆರೆಯವನ ದೀಪ ಅರ್ಧ ಮೈಲಿಯ ಆಚೆ. ಆ ನೆರೆಯವನು ಜರ್ಮನಿಯವನೋ, ಸ್ವೀಡನ್ನಿನವನೋ. ಅವನ ಅಜ್ಜ ಯಾರೆಂದು ಬಲ್ಲವರಿಲ್ಲ. ಹೀಗೆ ಅಪರಿಚಿತರೇ ಸೇರಿ ಬಾಳಬೇಕಾದಲ್ಲಿ ಸದ್ಭಾವವನ್ನು ಬಾಯಿಬಿಟ್ಟು ಹೇಳಬೇಕು, ಮುಗುಳುನಗೆಯಿಂದ ತೋರಿಸಬೇಕು. ಹೇಳದೆ ಅರ್ಥವಾಗುವ ಬಂಧುತ್ವ ಅಲ್ಲಿ ಇರಲಿಲ್ಲ. ನಮ್ಮಲ್ಲಿ ಅದು ಇದ್ದುದರಿಂದಲೇ ಮಾತು ಕಡಿಮೆಯಾಯಿತು.

ನಂಬಿಕೆಯ ವಿಷಯವೂ ಹೀಗೆಯೇ. ಅಲ್ಲಿಯ ಹಳ್ಳಿದಾರಿಗಳಲ್ಲಿ ಕೆಲವೆಡೆ ರೈತರು ತರಕಾರಿಯನ್ನೂ ಒಂದು ದುಡ್ಡಿನ ಡಬ್ಬಿಯನ್ನೂ ಇಟ್ಟು ಹೋಗಿಬಿಡುತ್ತಾರೆ. ಕೊಳ್ಳುವವನು ತಾನೇ ಹಣ ಹಾಕಬೇಕು. ಇದನ್ನು ಕಂಡು ನಮ್ಮವರು ಬೆರಗಾಗುತ್ತಾರೆ. ಆದರೆ ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೇನು ಕಡಿಮೆಯದೇ? ಸಹಿ ಇಲ್ಲ, ಸಾಕ್ಷಿ ಇಲ್ಲ, ಸುಗ್ಗಿಯವರೆಗೆ ಮುಖ ನೋಡಿ ಕೊಡುವ ಸಾಲ. ಎಂಟೆಕರೆ ಹೊಲ, ಸ್ವಂತ ಮನೆ ಉಳ್ಳ ಕೊಟ್ಟೂರಿನ ಗೃಹಸ್ಥ ಅಮೆರಿಕಕ್ಕೆ ಹೋಗಿ ನೆಲೆಸಿದರೆ ಅವನಿಗೆ ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಾರೆ; ಅಲ್ಲಿ ಸಾಲ ಮಾಡಿ ತೀರಿಸಿದ ಚರಿತ್ರೆಗೆ ಅಂಕ ಕೊಡುವ ಪದ್ಧತಿಯುಂಟು, ಇವನಿಗೆ ಅಲ್ಲಿ ಚರಿತ್ರೆಯೇ ಇಲ್ಲ. ಆದರೆ ಅಮೆರಿಕದ ಶ್ರೀಮಂತನಿಗೂ ಕೊಟ್ಟೂರಿನಲ್ಲಿ ಒಂದು ಸೇರು ಬೇಳೆ ಉದ್ರಿ ಸಿಗುವುದು ಕಷ್ಟ!

ಹೋಟೆಲಿನಲ್ಲಿ ಬಿಟ್ಟುಬರುವ ಭಕ್ಷೀಸಿನ ಮಾತೂ ಇಲ್ಲಿಯೇ ಬರುತ್ತದೆ. ನಮ್ಮಲ್ಲಿ ಅದು ಖುಷಿಗೆ ಕೊಡುವ ಚಿಲ್ಲರೆ. ಅಲ್ಲಿಯ ಕೇಂದ್ರ ಕಾನೂನು, ಭಕ್ಷೀಸು ಪಡೆಯುವ ನೌಕರನಿಗೆ ಮಾಲಿಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿಯನ್ನು 1991ರಿಂದ ಗಂಟೆಗೆ 2 ಡಾಲರ್ 13 ಸೆಂಟಿಗೆ ನಿಲ್ಲಿಸಿದೆ. ಅನೇಕ ರಾಜ್ಯಗಳು ಅದಕ್ಕಿಂತ ಹೆಚ್ಚು ಕೊಡಿಸುತ್ತವೆ. ಉಳಿದದ್ದನ್ನು ತುಂಬುವುದು ಗಿರಾಕಿಯ ಕೈ. ಇದನ್ನು ತಿಳಿಯದೆ ಏಳುವ ನಮ್ಮವನನ್ನು ಅಲ್ಲಿಯವರು ಕೃಪಣನೆನ್ನುತ್ತಾರೆ. ಮಿತವ್ಯಯಿಯಾದ ಅವನು ಅವರನ್ನು ದುಂದುಗಾರರೆನ್ನುತ್ತಾನೆ.

ಹೆಸರಿನ ಫಜೀತಿ ಇನ್ನೂ ಸ್ವಾರಸ್ಯದ್ದು. ಕೊಟ್ಟೂರೇಶ್ವರನ ಸೀಮೆಯಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂಬವರಿಗೆ ಎಣಿಕೆಯಿಲ್ಲ. ಊರಿನಿಂದ, ತಂದೆಯ ಹೆಸರಿನಿಂದ ಯಾವ ಕೊಟ್ರೇಶ ಎಂದು ಗೊತ್ತಾಗುತ್ತದೆ. ಮನೆತನದ ಹೆಸರನ್ನು ಬರೆಯದವರೂ ಬಹಳ. ಅಮೆರಿಕದ ಕಾಗದಪತ್ರಗಳಿಗೆ ಎರಡು ಹೆಸರು ಬೇಕೇಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಮನೆತನದ ಹೆಸರೆಂದು ಎಣಿಸಿ, ಸ್ವಂತ ಹೆಸರಿನ ಜಾಗದಲ್ಲಿ “ಎಫ್‌ಎನ್‌ಯು” ಎಂದು ಬರೆಯುತ್ತಾರೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಊರಿಗೆ ಊರೇ ಹೆಸರು ಹಿಡಿದು ಕೂಗುವ ಮನುಷ್ಯ ಅಲ್ಲಿ ಹೆಸರು ತಿಳಿಯದವನಾಗಿ ಇಳಿಯುತ್ತಾನೆ.

ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಎ.ಕೆ. ರಾಮಾನುಜನ್ನರು, ಭಾರತೀಯ ಚಿಂತನಕ್ರಮ ಎಂಬುದೊಂದು ಇದೆಯೇ ಎಂದು ಕೇಳುವ ಇಂಗ್ಲಿಷ್ ಪ್ರಬಂಧವೊಂದನ್ನು 1989ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ನಿಯಮಗಳು ಸಂದರ್ಭವನ್ನು, ಎಂದರೆ ಯಾರು, ಎಲ್ಲಿ, ಯಾವಾಗ ಎಂಬುದನ್ನು ನೋಡಿ ನಡೆಯುತ್ತವೆ. ಆಧುನಿಕ ಪಶ್ಚಿಮದ ಆದರ್ಶವಾದರೋ ಸಂದರ್ಭವನ್ನು ಮೀರಿದ, ಎಲ್ಲರಿಗೂ ಒಂದೇ ಆದ ನಿಯಮ ಎಂಬುದು ಅವರ ವಿಚಾರದ ತಿರುಳು. ಅಲ್ಲಿಯ ಸಾಲಿನಲ್ಲಿ ಸೆನೆಟರನೂ ಕೂಲಿಯವನೂ ತಮ್ಮ ಸರದಿಗೆ ನಿಲ್ಲಬೇಕು. ನಮ್ಮಲ್ಲಿ “ಅಜ್ಜ ಬಂದಾನ, ದಾರಿ ಬಿಡ್ರಿ” ಎನ್ನುತ್ತೇವೆ. ಮೊದಲನೆಯದರಲ್ಲಿ ನ್ಯಾಯವಿದೆ, ಎರಡನೆಯದರಲ್ಲಿ ದಯೆಯಿದೆ. ಆದರೆ “ಗೌಡ ಬಂದಾನ, ದಾರಿ ಬಿಡ್ರಿ” ಎಂದದ್ದೂ ಇದೇ ನಾಲಿಗೆಯಲ್ಲವೇ?

ಈ ಮಾತನ್ನು ಇನ್ನಷ್ಟು ಬಿಡಿಸಿ ಹೇಳಲೇಬೇಕು. “ಯಾರ ಪೈಕಿ?” ಎಂಬ ಬಸ್ಸಿನ ಪ್ರಶ್ನೆ ಒಬ್ಬರಿಗೆ ಅಕ್ಕರೆ, ಇನ್ನೊಬ್ಬರಿಗೆ ಅದು ಬೇಲಿ. ಉತ್ತರ ಕೇಳಿದ ಮೇಲೆ ಯಾರ ಮನೆಯ ನೀರು ನಿಂತುಹೋಗುತ್ತದೋ, ಅಂಥವರ ಮಗನಿಗೆ ಯಾರೂ ಏನನ್ನೂ ಕೇಳದ ಊರು ನಿರ್ದಯವಾಗಿ ಕಾಣುವುದಿಲ್ಲ, ಬಿಡುಗಡೆಯಾಗಿ ಕಾಣುತ್ತದೆ. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯವನ್ನು ಸೇರಿದವರು. ಅಲ್ಲಿಯ ಗುರು ಜಾನ್ ಡ್ಯೂಯಿಯವರ ಪ್ರಭಾವ ಅವರ ಬರಹದಲ್ಲಿ ಕೊನೆಯವರೆಗೂ ಉಳಿಯಿತು. ಹಾಗೆಂದು ಅಮೆರಿಕ ಸಮತೆಯ ಸ್ವರ್ಗವೆಂದು ತಿಳಿಯಬೇಕಿಲ್ಲ. ಕರಿಯ ಪ್ರಜೆಗಳಿಗೆ ಬೇರೆ ಬಾಗಿಲು, ಬೇರೆ ನಲ್ಲಿ ಇಟ್ಟಿದ್ದ ಅದೇ ದೇಶ, ಹೋಟೆಲು ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಆ ಭೇದವನ್ನು ನಿಷೇಧಿಸಲು 1964ರ ಕಾನೂನಿನವರೆಗೆ ಕಾಯಬೇಕಾಯಿತು. ಮತ್ತೆ ನಮ್ಮ “ಯಾರ ಪೈಕಿ” ಕೂಡ ಚಟ್ನಿಪುಡಿಯ ಜೊತೆಗೆ ಕಡಲು ದಾಟಿದೆ. 2023ರಲ್ಲಿ ಸಿಯಾಟಲ್ ನಗರ ಜಾತಿಯ ಆಧಾರದ ಭೇದಭಾವವನ್ನು ನಿಷೇಧಿಸಬೇಕಾಗಿ ಬಂತು. ಅಮೆರಿಕದ ನಗರಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಕನ್ನಡ ಓದುಗರಿಗೆ ಈ ಹಾದಿ ಹೊಸದಲ್ಲ. ಹೇಮಾವತಿಯ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಬಂದು ಬರೆದ “ಅಮೆರಿಕದಲ್ಲಿ ಗೊರೂರು” ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಳ್ಳಿಯ ಕಣ್ಣು ದೊಡ್ಡ ದೇಶವನ್ನು ನೋಡಲು ಸಾಲದು ಎಂಬ ಅಳುಕು ನಮಗೆ ಬೇಡ. ಹಳ್ಳಿಯ ಕಣ್ಣೇ ಸಣ್ಣ ಭೇದಗಳನ್ನು ಚೆನ್ನಾಗಿ ಗುರುತಿಸುತ್ತದೆ. ಗುರುತಿಸಿದ ಕೂಡಲೇ ತೀರ್ಪು ಕೊಡದಿದ್ದರೆ ಸಾಕು.

ಹೋಗುವ ಹಿರಿಯರಿಗೆ ನಾನು ಹೇಳುವುದು ಇಷ್ಟೆ: ಹಸಿವಾದರೆ ಮೊದಲ ಸಲವೇ “ಹೂಂ” ಅನ್ನಿ, ಸೊಸೆಯ “ಥ್ಯಾಂಕ್ಸ್” ಕೇಳಿದಾಗ, ಅವಳು “ಯವ್ವಾ” ಅಂದಳೆಂದೇ ತಿಳಿಯಿರಿ. ಅಲ್ಲಿರುವ ಮಕ್ಕಳಿಗೂ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ತಂದೆ ಒಂದು ಮಾತನ್ನೂ ಆಡದೆ ನಿಮ್ಮ ಪೆಟ್ಟಿಗೆಯನ್ನು ತಾನೇ ಎತ್ತಲು ಬಗ್ಗಿದರೆ, ಅವರು ಕೃತಜ್ಞತೆ ಹೇಳಲಿಲ್ಲವೆಂದು ಎಣಿಸಬೇಡಿ. ಅವರು ಅದನ್ನು ಹೇಳಿಯಾಯಿತು.