ಗಿಟಾರ್ ಕೊಳ್ಳೋಕೆ ಹೋಗುವಾಗ ಜೇಬಲ್ಲಿ ಮೂರು ನಾಣ್ಯ ಇರಲಿ!

ಕೆಂಚಾರ್ಲಹಳ್ಳಿ: ಹೋಬಳಿ ಕೇಂದ್ರ ಅಂದಮೇಲೆ ಪೊಲೀಸ್ ಠಾಣೆ ಇದೆ, ಗೊಬ್ಬರದ ಅಂಗಡಿ ಇದೆ, ಟೀ ಅಂಗಡಿಗಂತೂ ಬರವಿಲ್ಲ. ಚಿಂತಾಮಣಿ ಬಸ್ ಹತ್ತಿದರೆ ಟೊಮ್ಯಾಟೊ ಕ್ರೇಟಿನಿಂದ ಹಿಡಿದು ಮದುವೆ ಸೀರೆಯವರೆಗೆ ಎಲ್ಲವೂ ಸಿಕ್ಕುತ್ತದೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಮಗ ತಟ್ಟೆ ನೋಡಿಕೊಂಡೇ, ‘ಅಪ್ಪಾ, ನಂಗೊಂದು ಗಿಟಾರ್ ಬೇಕು’ ಅಂದರೆ?

ಅಪ್ಪನ ಬಾಯಿಂದ ಬರುವುದು ಎರಡೇ ಮಾತು. ‘ಅದೆಷ್ಟಾಗುತ್ತೋ?’ ‘ಅದ್ರಿಂದ ಏನ್ ಬರುತ್ತೋ?’ ಎರಡನೆಯದಕ್ಕೆ ಉತ್ತರ ಕೊಡುವುದು ಯಾರಿಂದಲೂ ಆಗುವುದಿಲ್ಲ, ಬಿಡಿ. ಮೊದಲನೆಯದಕ್ಕೆ ಉತ್ತರ ಇದೆ. ಅದು ಗೊತ್ತಿಲ್ಲದೇ ಹೋಗಿ ಹಳ್ಳಿಗಳ ಮನೆಗಳಲ್ಲಿ ಎಷ್ಟೋ ಗಿಟಾರುಗಳು ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಬಿದ್ದಿವೆ.

ಈ ಸೀಮೆಗೆ ಸಂಗೀತ ಹೊಸದಲ್ಲ. ಇದೇ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆ ಬಂತೆಂದರೆ ಹಗಲೂ ರಾತ್ರಿ ಬಿಡದೆ ಹಾಡು ನಡೆಯುತ್ತದೆ. ತಾತಯ್ಯನವರ ಕೀರ್ತನೆಗೆ ತಂಬೂರಿ ಹಿಡಿದವರು ತಲೆಮಾರಿನಿಂದ ಇದ್ದಾರೆ. ಭಜನೆ ಮಂದಿರಕ್ಕೆ ಹಾರ್ಮೋನಿಯಂ ಇದೆ. ತಮಟೆಯ ಮಾತಂತೂ ಕೇಳಲೇಬೇಡಿ, ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದೇ ತಮಟೆಯಿಂದ. ಅಂಥ ಕಡೆ ವಾದ್ಯ ಕೊಳ್ಳುವುದಕ್ಕೊಂದು ಕ್ರಮವಿತ್ತು. ಹಾರ್ಮೋನಿಯಂ ತರಬೇಕಾದರೆ ನಾಟಕದ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಮೇಷ್ಟ್ರು ತಿದಿ ಒತ್ತಿ, ಒಂದೊಂದೇ ಮನೆ ಹಿಡಿದು, ತಲೆ ಆಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಮುಂದಿನ ಅಂಗಡಿ. ಗಿಟಾರಿಗೆ ಊರಲ್ಲಿ ಅಂಥ ಮೇಷ್ಟ್ರಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ.

ಆಗುವುದು ಏನೆಂದರೆ, ಗೂಡು ಮಾರಿದ ದುಡ್ಡು ಕೈಗೆ ಬಂದ ವಾರ ಮನೆಯಲ್ಲಿ ಒಪ್ಪಿಗೆ ಸಿಕ್ಕುತ್ತದೆ. ಹುಡುಗ ಫೋನಿನಲ್ಲೇ ಒತ್ತುತ್ತಾನೆ. ಎರಡು ಎರಡೂವರೆ ಸಾವಿರಕ್ಕೆ ಕಪ್ಪಗೆ ಮಿರಮಿರ ಮಿಂಚುವ ಗಿಟಾರ್, ಜೊತೆಗೆ ಬ್ಯಾಗು, ಬೆಲ್ಟು, ಒಂದು ಜೊತೆ ತಂತಿ ‘ಫ್ರೀ’. ಮೊದಲ ವಾರ ಮನೆಯೆಲ್ಲ ಟಂಯ್ ಟಂಯ್. ಎರಡನೇ ವಾರ ಎಡಗೈ ಬೆರಳ ತುದಿ ಕೆಂಪಗೆ. ತಿಂಗಳು ಕಳೆಯುವ ಹೊತ್ತಿಗೆ ಗಿಟಾರ್ ಮೊಳೆಗೆ. ‘ಇವನಿಗೆ ಹಟ ಇಲ್ಲ, ನಾಲ್ಕು ದಿನದ ಷೋಕಿ’ ಎಂದು ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ತೀರ್ಪು ಕೊಟ್ಟುಬಿಡುತ್ತಾರೆ. ಹುಡುಗನೂ ಅದನ್ನೇ ನಂಬುತ್ತಾನೆ. ಹುಡುಗಿಯಾದರೆ ಕೇಳುವುದೇ ಬೇಡ, ‘ನಿನಗೆ ಯಾಕೆ ಬೇಕಿತ್ತು’ ಅನ್ನುವುದು ಬೇರೆ ಸೇರುತ್ತದೆ.

ಎಷ್ಟೋ ಸಲ ತಪ್ಪು ಬೆರಳಿನದಲ್ಲ. ತಪ್ಪು ಇರುವುದು ತಂತಿಗೂ ಮರಕ್ಕೂ ನಡುವಿನ ಸಂದಿಯಲ್ಲಿ.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಕಡ್ಡಿ ಕೂರಿಸಿರುತ್ತಾರೆ, ಇಂಗ್ಲಿಷಿನಲ್ಲಿ ಫ್ರೆಟ್ ಅಂತಾರೆ, ನಮ್ಮ ವೀಣೆಯ ಮೆಟ್ಟಿಲೇ ಅದು. ತಂತಿಯನ್ನು ಆ ಮೆಟ್ಟಿಲಿಗೆ ತಾಗುವಂತೆ ಒತ್ತಿದರೆ ಸ್ವರ. ತಂತಿ ಹತ್ತಿರವಿದ್ದರೆ ಸಣ್ಣಗೆ ಒತ್ತಿದರೂ ಸಾಕು. ಎತ್ತರದಲ್ಲಿದ್ದರೆ ಗುದ್ದಾಡಬೇಕು. ಹತ್ತು ವರ್ಷ ನುಡಿಸಿದವನ ಕೈಗೂ ಕಷ್ಟವಾಗುವ ಗಿಟಾರನ್ನು ಹೊಸಬನ ಕೈಗೆ ಕೊಟ್ಟು ‘ಕಲಿ’ ಅಂದರೆ, ಗುದ್ದಲಿ ಮೊಂಡಾಗಿರುವಾಗ ಆಳನ್ನು ಬೈದ ಹಾಗೆ.

ಇದನ್ನು ಅಳೆಯುವುದಕ್ಕೆ ವಿದ್ಯೆ ಬೇಕಿಲ್ಲ. ಮೂರು ಒಂದು ರೂಪಾಯಿ ನಾಣ್ಯ ಸಾಕು. ಈಗಿನ ಚಿಕ್ಕ ನಾಣ್ಯ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಗಿಟಾರಿನ ತಲೆ ಕಡೆಯಿಂದ ಎಣಿಸುತ್ತಾ ಹನ್ನೆರಡನೇ ಮೆಟ್ಟಿಲಿಗೆ ಬನ್ನಿ. ಅಲ್ಲಿ ಎರಡು ಚುಕ್ಕಿ ಇಟ್ಟಿರುವುದು ವಾಡಿಕೆ. ಆ ಮೆಟ್ಟಿಲಿಗೂ ದಪ್ಪ ತಂತಿಗೂ ಮಧ್ಯೆ ಎರಡು ನಾಣ್ಯ ತಂತಿಗೆ ಸವರಿಕೊಂಡು, ಇಲ್ಲವೇ ತುಸು ಬಿಗಿಯಾಗಿ ಕೂತರೆ ಆ ಗಿಟಾರನ್ನು ನಂಬಬಹುದು. ಮೂರು ನಾಣ್ಯ ಸಲೀಸಾಗಿ ತೂರಿತೋ, ಎಷ್ಟೇ ಚೆಂದವಿರಲಿ, ಎಷ್ಟೇ ಫ್ರೀ ಕೊಡಲಿ, ಇಟ್ಟು ಬನ್ನಿ. ಅಥವಾ ಅಂಗಡಿಯವನಿಗೇ ಹೇಳಿ, ‘ತಂತಿ ಇಳಿಸಿ ಕೊಡಿ ಸ್ವಾಮಿ, ಆಮೇಲೆ ದುಡ್ಡು’ ಅಂತ. ತಂತಿ ಹಾದುಹೋಗುವ ಕುದುರೆಯ ಮೇಲೊಂದು ಬಿಳಿ ಪಟ್ಟಿ ಇರುತ್ತದೆ. ಅದರ ಅಡಿಯನ್ನು ಉಜ್ಜಿ ತಂತಿ ಇಳಿಸುವುದು ಬಲ್ಲವನಿಗೆ ದೊಡ್ಡ ಕೆಲಸವೇನಲ್ಲ. ‘ಬರಬರುತ್ತಾ ಸರಿಹೋಗುತ್ತೆ’ ಅಂದರೆ ನಂಬಬೇಡಿ. ಬರಬರುತ್ತಾ ಕತ್ತು ಬಾಗಿ ತಂತಿ ಇನ್ನಷ್ಟು ಏಳುವುದೇ ಹೆಚ್ಚು.

ಆ ಕತ್ತನ್ನೂ ನೋಡಬೇಕು. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡುವ ಹಾಗೆ ನೋಡಿ. ತಿರುಚಿಕೊಂಡಿದ್ದರೆ ಬೇಡ. ಒಳ್ಳೆಯ ಗಿಟಾರಿನ ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಕೀಲಿಯಿಂದ ತಿರುವಿ ಬಾಗು ಸರಿ ಮಾಡಬಹುದು. ಸ್ಟೀಲ್ ತಂತಿಯ ಗಿಟಾರಿಗೆ ಈ ಸರಳು ಇದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ. ನಂತರ ಕುದುರೆಯ ಹಿಂದೆ ಒಂದು ಕಾಗದದ ಚೂರು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಬಿರಡೆ ಆರನ್ನೂ ತಿರುಗಿಸಿ, ಗಡಗಡ ಅಲ್ಲಾಡುವ ಬಿರಡೆ ಶ್ರುತಿ ಹಿಡಿಯುವುದಿಲ್ಲ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಲ್ಲಿ ಒತ್ತಿ ಮೀಟಿ. ‘ಜರ್ರ್’ ಅಂದರೆ ಎಲ್ಲೋ ಮೆಟ್ಟಿಲು ಎದ್ದಿದೆ, ಇಲ್ಲ ತಂತಿ ಬೇಕಾದ್ದಕ್ಕಿಂತ ಕೆಳಗಿದೆ. ಅಂಗಡಿಯವನು ಮುಖ ಗಂಟಿಕ್ಕಿದರೆ ಇಕ್ಕಲಿ, ದುಡ್ಡು ನಿಮ್ಮದು.

ಕೊನೆಯ ಪರೀಕ್ಷೆಗೆ ಕಿವಿ ಬೇಕು, ಅದು ಭಜನೆಯವರಲ್ಲಿ ಇದ್ದೇ ಇರುತ್ತದೆ. ಬರೀ ತಂತಿ ಮೀಟಿ, ಆಮೇಲೆ ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಮೊದಲನೆಯದು ಷಡ್ಜವಾದರೆ ಎರಡನೆಯದು ಸರಿಯಾಗಿ ತಾರಷಡ್ಜ ಆಗಬೇಕು. ಚೂರು ಆಚೀಚೆ ಕೇಳಿದರೆ ಆ ಗಿಟಾರ್ ಜನ್ಮದಲ್ಲಿ ಪೂರಾ ಶ್ರುತಿ ಸೇರುವುದು ಕಷ್ಟ. ಗಿಟಾರ್ ಬಾರದ ಹಾರ್ಮೋನಿಯಂ ಮೇಷ್ಟ್ರನ್ನೇ ಜೊತೆಗೆ ಕರೆದುಕೊಂಡು ಹೋದರೂ ಈ ಒಂದು ಕೆಲಸಕ್ಕೆ ಧಾರಾಳವಾಗಿ ಸಾಕು.

ಇನ್ನು ಜಾತಿ. ನೈಲಾನ್ ತಂತಿಯದು, ಸ್ಟೀಲ್ ತಂತಿಯದು, ಕರೆಂಟಿನದು. ನೈಲಾನ್ ಬೆರಳಿಗೆ ಮೃದು, ಆದರೆ ಕತ್ತು ಅಗಲ, ದನಿ ಮೆತ್ತಗೆ. ಹಾಡಿಕೊಂಡು ಬಾರಿಸುವ ಸಿನಿಮಾ ಹಾಡಿಗೆ ಸ್ಟೀಲ್ ಒಪ್ಪುತ್ತದೆ. ನೈಲಾನ್ ಗಿಟಾರಿಗೆ ಮಾತ್ರ ಅಪ್ಪಿತಪ್ಪಿಯೂ ಸ್ಟೀಲ್ ತಂತಿ ಕಟ್ಟಬಾರದು, ಸ್ಟೀಲಿನ ಎಳೆತಕ್ಕೆ ಕುದುರೆಯೇ ಕಿತ್ತು ಬರುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಮುಕ್ಕಾಲು ಅಳತೆಯದು ಸಿಕ್ಕುತ್ತದೆ, ದೊಡ್ಡದನ್ನು ತಂದು ‘ಬೆಳೀತಾನೆ ಬಿಡು’ ಅನ್ನಲು ಅದೇನು ಚಡ್ಡಿಯಲ್ಲ. ಕರೆಂಟಿನದಕ್ಕೆ ಆಂಪ್ಲಿಫೈಯರ್ ಬೇರೆ ಬೇಕು, ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ. ಜೊತೆಗೆ ನಮ್ಮ ಕಡೆ ಕರೆಂಟ್ ಇರಬೇಕಲ್ಲ!

ದುಡ್ಡಿನ ಮಾತಿಗೆ ಬಂದರೆ, ಐದು ಸಾವಿರದಿಂದ ಹತ್ತು ಸಾವಿರದ ಆಸುಪಾಸಿನಲ್ಲಿ ಕಲಿಯಲು ಯೋಗ್ಯವಾದ ಗಿಟಾರ್ ಸಿಕ್ಕುತ್ತದೆ. ಅದಕ್ಕೂ ಕಡಿಮೆಗೆ ಕೊಳ್ಳುವವರು ನಾಣ್ಯದ ಪರೀಕ್ಷೆಯನ್ನು ಇನ್ನೂ ಬಿಗಿಯಾಗಿ ಮಾಡಬೇಕು. ಗಿವ್ಸನ್‌ನಂಥ ಕಲ್ಕತ್ತೆಯ ಗಿಟಾರುಗಳು ಅಗ್ಗ, ಆದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ನಾಲ್ಕು ತೆಗೆಸಿ ಒಂದನ್ನು ಆರಿಸಬೇಕು. ಯಮಾಹಾದ ಎಫ್ 280 ಹೊಸಬರಿಗೆ ಹೆಚ್ಚಾಗಿ ಹೇಳುವ ಮಾದರಿ. ಯಮಾಹಾ ಅಂದರೆ ಬೈಕು ಎಂದುಕೊಂಡವರೇ ಇಲ್ಲಿ ಹೆಚ್ಚು. ನಿಜ ನೋಡಿದರೆ ಆ ಹೆಸರು ಶುರುವಾದದ್ದು 1887ರಲ್ಲಿ, ಜಪಾನಿನಲ್ಲಿ, ನಮ್ಮ ಹಾರ್ಮೋನಿಯಂನ ಬಂಧುವಾದ ರೀಡ್ ಆರ್ಗನ್‌ನಿಂದ. ಬೈಕು ಬಂದದ್ದು 1955ರಲ್ಲಿ. ಟ್ಯಾಂಕಿನ ಮೇಲಿನ ಗುರುತನ್ನು ನೋಡಿ, ಮೂರು ಶ್ರುತಿಕವೆ ಅಡ್ಡಡ್ಡ ಇಟ್ಟಿರುವುದು!

ಎಲ್ಲಿ ಕೊಳ್ಳಬೇಕು? ಚಿಂತಾಮಣಿಯಲ್ಲಿ ಕಣ್ಣಿಗೆ ಬಿದ್ದರೆ ನೋಡಿ, ತಪ್ಪಿಲ್ಲ. ಆದರೆ ಒಂದೆರಡೇ ಇರುವ ಕಡೆ ಆರಿಸುವುದು ಎಲ್ಲಿಂದ ಬಂತು? ಒಂದು ದಿನ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವುದೇ ಮೇಲು. 1865ರಲ್ಲಿ ಮುಂಬೈಯಲ್ಲಿ ಶುರುವಾದ ಫರ್ಟಾಡೋಸ್‌ಗೆ ಬೆಂಗಳೂರಿನಲ್ಲಿ ಮಳಿಗೆಗಳಿವೆ. ಚೆನ್ನೈಗೆ ಹೋಗುವ ಕೆಲಸ ಬಿದ್ದರೆ ಮ್ಯೂಸಿ ಮ್ಯೂಸಿಕಲ್ ಇದೆ, ಅದು 1842ರಿಂದ ಇರುವ ಅಂಗಡಿ. ಹತ್ತು ಗಿಟಾರ್ ಇಳಿಸಿ ಕೂತು ನುಡಿಸಿ ನೋಡುವುದಕ್ಕೆ ಇಂಥ ಕಡೆ ಅವಕಾಶವಿದೆ. ಸಂಕೋಚ ಬೇಡ. ಹಳ್ಳಿಯವರು ಅಂಗಡಿಯ ಗಾಜಿನ ಬಾಗಿಲು ನೋಡಿಯೇ ವಾಪಸ್ ಬರುವುದು ಹೊಸದೇನಲ್ಲ.

ಬಸ್ ಚಾರ್ಜು ಉಳಿಸಲು ಫೋನಿನಲ್ಲೇ ತರಿಸುವವರು ಹಿಂದಿರುಗಿಸುವ ಗಡುವು ಎಷ್ಟು ದಿನ ಎಂದು ಮೊದಲೇ ನೋಡಿಕೊಳ್ಳಲಿ. ಡಬ್ಬ ಬಿಚ್ಚುವಾಗಲೇ ವೀಡಿಯೋ ಮಾಡಲಿ, ಅವತ್ತೇ ನಾಣ್ಯ ತೂರಿಸಲಿ. ‘ಹಬ್ಬ ಕಳೀಲಿ’ ಎಂದು ಇಟ್ಟರೆ ಗಡುವು ಕಳೆದಿರುತ್ತದೆ.

ಇನ್ನೊಂದು ದಾರಿ, ಎರಡನೇ ಕೈ. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಓದುವ, ಕೆಲಸ ಮಾಡುವ ಹುಡುಗರು ಊರು ಬಿಡುವಾಗ ಒಳ್ಳೊಳ್ಳೆಯ ಗಿಟಾರನ್ನು ಸಿಕ್ಕಷ್ಟಕ್ಕೆ ಕೊಡುತ್ತಾರೆ. ನಮ್ಮೂರ ಕಡೆಯವರೇ ಎಷ್ಟು ಜನ ಅಲ್ಲಿಲ್ಲ! ಒಬ್ಬರಿಗೆ ಹೇಳಿಟ್ಟರೆ ಆಯಿತು. ಹಳೆಯದಾದ್ದರಿಂದ ಕತ್ತು, ಕುದುರೆ ಎರಡನ್ನೂ ಎರಡು ಸಲ ನೋಡಬೇಕು, ಅಷ್ಟೆ.

‘ಹಳ್ಳಿ ಹುಡುಗನಿಗೆ ಗಿಟಾರ್ ಯಾಕೆ’ ಎನ್ನುವ ಅಪ್ಪಂದಿರಿಗೆ ಒಂದು ಸಂಗತಿ. ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯ ಹುಡುಗನೊಬ್ಬ ಅಣ್ಣನ ತಂಡದ ಜೊತೆ ಊರೂರು ಸುತ್ತಿ, ಮದರಾಸಿಗೆ ಬಂದು 1968ರಲ್ಲಿ ಧನರಾಜ್ ಮೇಷ್ಟ್ರ ಹತ್ತಿರ ಪಾಠಕ್ಕೆ ಸೇರಿದ. ಗಿಟಾರಿನಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಕಟ್ಟಿ ಚಿನ್ನದ ಪದಕ ತೆಗೆದ. ಆಮೇಲೆ ಅನ್ನ ಕೊಟ್ಟದ್ದು ಹೆಚ್ಚಾಗಿ ಕನ್ನಡ. ‘ಬಂಗಾರದ ಮನುಷ್ಯ’ಕ್ಕೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕನಾಗಿ ದುಡಿದ ಆತನೇ ಇಳಯರಾಜ. 1981ರಲ್ಲಿ ಶಂಕರ್‌ನಾಗ್ ‘ಗೀತಾ’ ತೆಗೆದಾಗ ಸಂಗೀತ ಅವರದೇ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರದು ಇನ್ನೊಂದು ಬಗೆ. ಭರತನಾಟ್ಯ ಕಲಿಯುತ್ತಿದ್ದ ಅವರು ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ ಗೆಳೆಯ ಒಡ್ಡಿದ ಸವಾಲಿಗೆ. ಎಲ್ಲರೂ ಇಳಯರಾಜ ಆಗುತ್ತಾರೆಂದಲ್ಲ. ಹಾಗೆ ನೋಡಿದರೆ ಭಜನೆ ಮಾಡುವವರೆಲ್ಲ ತಾತಯ್ಯ ಆಗಿದ್ದಾರೆಯೇ?

ಗಿಟಾರ್ ಕೊಂಡ ಮೇಲೆ ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಮೇಲೆ ಹತ್ತಿಸಲೂಬೇಡಿ. ತೊಡೆಯ ಮಧ್ಯೆ ನಿಲ್ಲಿಸಿಕೊಂಡು ಬನ್ನಿ. ಮನೆಯಲ್ಲಿ ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬಾರದು, ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತದೆ. ಶ್ರುತಿ ಮಾಡಲು ಬೇರೆ ದುಡ್ಡು ಬೇಡ, ಫೋನಿನಲ್ಲಿ ಪುಕ್ಕಟೆ ಆಪ್ ಇವೆ. ದಪ್ಪ ತಂತಿಯಿಂದ ಸಣ್ಣದಕ್ಕೆ ಇ, ಎ, ಡಿ, ಜಿ, ಬಿ, ಇ. ದಿನಾ ಮಾಡಬೇಕು, ತಂಬೂರಿಯವರು ಮಾಡುವ ಹಾಗೆ. ಪಾಠಕ್ಕೆ ವಾರಕ್ಕೊಮ್ಮೆಯಾದರೂ ಬಲ್ಲವರು ಸಿಕ್ಕಿದರೆ ಪುಣ್ಯ. ವೀಡಿಯೋ ನೋಡಿ ಕಲಿಯುವವರು ಕೈ ಇಡುವ ರೀತಿಯನ್ನಾದರೂ ಒಬ್ಬರಿಗೆ ತೋರಿಸಿಕೊಳ್ಳಲಿ. ತಂತಿ ಸರಿಯಾಗಿದ್ದರೂ ಬೆರಳು ಮೊದಲು ಎರಡು ಮೂರು ವಾರ ನೋಯುತ್ತದೆ, ಆಮೇಲೆ ತುದಿ ಗಟ್ಟಿಯಾಗುತ್ತದೆ. ದಿನಕ್ಕೆ ಕಾಲು ಗಂಟೆಯಂತೆ ಎರಡು ಸಲ ಕೂತರೆ ಸಾಕು.

ಕೆಂಚಾರ್ಲಹಳ್ಳಿ ಸ್ಟಾಪಿನಲ್ಲಿ ಇಳಿದ ತಕ್ಷಣ ‘ಏನಪ್ಪ ಅದು, ವೀಣೇನಾ?’ ಎಂದು ನಾಲ್ಕು ಜನ ಕೇಳಿಯೇ ಕೇಳುತ್ತಾರೆ. ಬ್ಯಾಗಿನ ಜಿಪ್ ಬಿಚ್ಚಿ ತೋರಿಸಿ. ಬಿಸಿಲಲ್ಲಿ ಮಾತ್ರ ಜಾಸ್ತಿ ಹೊತ್ತು ಬೇಡ.