ಜಾರ್ಜಿಯದ ಖಂಜಲಿ

ಜಾರ್ಜಿಯ ಅಂದ ಕೂಡಲೇ ಅಮೆರಿಕದ ರಾಜ್ಯ ಅಂದುಕೊಳ್ಳಬೇಡಿ. ನಾನು ಹೇಳುವುದು ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಬೆಟ್ಟಗಳ ತಪ್ಪಲಲ್ಲಿರುವ ದೇಶ. 1991ರಲ್ಲಿ ಅದು ಸೋವಿಯತ್ ಒಕ್ಕೂಟದಿಂದ ಬೇರೆಯಾಯಿತು. ಅಲ್ಲಿನ ಗಂಡಸರು ಹಿಂದೆ ಚೋಖಾ ಎಂಬ ನಿಲುವಂಗಿ ತೊಟ್ಟು, ಸೊಂಟಪಟ್ಟಿಯ ಮುಂದುಗಡೆಯೇ ಖಂಜಲಿ ಎಂಬ ಬಾಕು ಕಟ್ಟುತ್ತಿದ್ದರು. ಈಗ ಮದುವೆಯಲ್ಲಿ, ಕುಣಿತದಲ್ಲಿ ಕಾಣಬಹುದು.

ಅಲಗಿಗೆ ಎರಡೂ ಕಡೆ ಹರಿತ. ನಡುವೆ ಉದ್ದಕ್ಕೂ ಕಾಲುವೆಯಂಥ ತಗ್ಗು. ರಕ್ತ ಹರಿಯಲಿ ಅಂತ ತೋಡಿದ್ದು ಎಂದು ಕೆಲವರು ಹೇಳ್ತಾರೆ, ನಂಬಬೇಡಿ! ತಗ್ಗು ತೋಡಿದರೆ ತೂಕ ಇಳಿಯುತ್ತದೆ, ಅಲಗಿನ ಬಿಗಿ ಮಾತ್ರ ಹೆಚ್ಚು ಕುಗ್ಗುವುದಿಲ್ಲ. ಅಷ್ಟೇ ಕಾರಣ.

ನನಗೆ ಬಹಳ ಹಿಡಿಸಿದ್ದು ಒರೆ. ಮರದ ಒರೆಗೆ ತೊಗಲು ಹೊದಿಸಿ, ಮೇಲೆ ಬೆಳ್ಳಿ ತಗಡು ಕೂರಿಸುತ್ತಾರೆ. ಆ ಬೆಳ್ಳಿಯಲ್ಲಿ ಹೂಬಳ್ಳಿ ಕೊರೆಯುತ್ತಾರೆ. ಬೆಳ್ಳಿ, ತಾಮ್ರ, ಸೀಸ, ಗಂಧಕ ಕೂಡಿಸಿ ಕರಗಿಸಿದರೆ ಕಪ್ಪು ಗಟ್ಟಿಯಾಗುತ್ತದೆ. ಅದನ್ನು ಪುಡಿಮಾಡಿ ಗೆರೆಗಳಿಗೆ ತುಂಬಿ ಕಾಯಿಸಿದರೆ ಕರಗಿ ಕೂತುಕೊಳ್ಳುತ್ತೆ. ಆರಿದ ಮೇಲೆ ಉಜ್ಜಬೇಕು. ಆಗ ಬಿಳಿ ಬೆಳ್ಳಿಯ ಮೇಲೆ ಕಪ್ಪು ಬಳ್ಳಿ! ಇದಕ್ಕೆ ಅಲ್ಲಿ ಸೆವಾದ ಅನ್ನುತ್ತಾರೆ. ಬಳಿದ ಬಣ್ಣವಲ್ಲ, ಆದ್ದರಿಂದ ನೀರಿಗೆ ಹೋಗಲ್ಲ. ಆದರೆ ಕಾವಿನ ಹದ ಮೀರಿತೋ, ಸೀಸ ಬೆಳ್ಳಿಯನ್ನೇ ತಿಂದು ಗುಳಿ ಬೀಳುತ್ತದೆ. ದಿನಗಟ್ಟಲೆ ಕೊರೆದದ್ದೆಲ್ಲ ಹಾಳು. ಅದರ ಹೊಗೆಯೂ ವಿಷವೇ.

ನಮ್ಮ ಬೀದರಿನ ಬಿದ್ರಿ ಕೆಲಸ ಇದಕ್ಕೆ ತಿರುಗುಮುರುಗು. ಅಲ್ಲಿ ಕಪ್ಪು ಲೋಹದೊಳಗೆ ಬೆಳ್ಳಿಯ ಬಳ್ಳಿ ಹೊಳೆಯುತ್ತದೆ.