ಮನೆಯ ಬಾಗಿಲು ಮತ್ತು ಸರಕಾರದ ಶೋಧ

ಇನ್ನೊಬ್ಬರ ಮನೆಗೆ ಹೋದಾಗ ಸಲಾಮ್ ಹೇಳಿ ಅನುಮತಿ ಪಡೆಯಬೇಕು, ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂದು ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ನಮಗೆ ಕಲಿಸಿದ್ದಾನೆ. ಪರರ ಗುಟ್ಟು ಕೆದಕುವುದನ್ನು ಸೂರಃ ಅಲ್ ಹುಜುರಾತ್ ನಿಷೇಧಿಸಿದೆ. ಆದರೆ ಸರಕಾರವೇ ಬಾಗಿಲಿಗೆ ಬಂದರೆ?

1954ರಲ್ಲಿ ದಾಲ್ಮಿಯಾ ಸಮೂಹದ ಕಂಪೆನಿಗಳ ಶೋಧದ ಬಗ್ಗೆ ಎಂ.ಪಿ. ಶರ್ಮಾ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅಮೆರಿಕದ ಸಂವಿಧಾನದಲ್ಲಿರುವಂಥ ಖಾಸಗಿತನದ ಹಕ್ಕು ನಮ್ಮಲ್ಲಿಲ್ಲ ಎಂದು 8 ನ್ಯಾಯಮೂರ್ತಿಗಳ ಪೀಠ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ ಸರಕಾರ ಅದೇ ಹಳೆಯ ತೀರ್ಪನ್ನು ಮುಂದಿಟ್ಟಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಆ ಮಾತನ್ನು ತಳ್ಳಿಹಾಕಿ, ಖಾಸಗಿತನ ಮೂಲಭೂತ ಹಕ್ಕು ಎಂದರು.

ಇದರರ್ಥ ಶೋಧವೇ ಕೂಡದು ಎಂದಲ್ಲ. ಕಳ್ಳತನ, ಕೊಲೆ ನಡೆದಲ್ಲಿ ಶೋಧ ಬೇಕೇ ಬೇಕು. ಆದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಮಿತಿ ಮೀರಬಾರದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಮಿತಿಗಳನ್ನು ಬರೆದಿಟ್ಟಿದೆ. ಶೋಧಕ್ಕೆ ಸ್ಥಳೀಯರಾದ ಇಬ್ಬರು ಸಾಕ್ಷಿಗಳು ಬೇಕು. ಮನೆಯವರು ಜೊತೆಯಲ್ಲಿರಬಹುದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಅವರಿಗೆ ಸಿಗಬೇಕು. ಶೋಧದ ವಿಡಿಯೊ ಚಿತ್ರೀಕರಣವಾಗಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ವಾರಂಟ್ ಇಲ್ಲದೆಯೂ ಪೊಲೀಸರು ಕೆಲವೊಮ್ಮೆ ಶೋಧಿಸಬಹುದು. ಆಗ ಕಾರಣವನ್ನು ಬರೆದಿಟ್ಟು, ಅದರ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಆದ್ದರಿಂದ ಅಧಿಕಾರಿಗಳು ಬಂದರೆ ಓಡಬೇಡಿ, ತಳ್ಳಾಡಬೇಡಿ, ಬೈಯಬೇಡಿ. ವಾರಂಟ್ ಇದ್ದರೆ ತೋರಿಸಲು ಕೇಳಿ ಓದಿರಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿರಿ. ಪಟ್ಟಿಯನ್ನು ಪಡೆಯದೆ ಬಿಡಬೇಡಿ. ತಪ್ಪು ನಡೆದಿದೆ ಎನಿಸಿದರೆ ವಕೀಲರ ಬಳಿ ಹೋಗಿರಿ; ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ.

ಇನ್ನೊಂದು ಮಾತು ಮನೆ ಮಾಲೀಕರಿಗೆ. ನಮ್ಮ ಲಕಮನಹಳ್ಳಿಯಲ್ಲಿ ದುಡಿಯಲು ಬಂದವರು ಬಾಡಿಗೆ ಖೋಲಿಗಳಲ್ಲಿದ್ದಾರೆ. ಖೋಲಿ ನಮ್ಮದೆಂದು ಅವರಿಲ್ಲದ ಹೊತ್ತಿನಲ್ಲಿ ಬೀಗ ತೆರೆದು ಸಾಮಾನು ನೋಡುವುದು ಸರಿಯೇ? ಗೋಡೆ ಮಾಲೀಕರದು, ಒಳಗಿನ ಬದುಕು ಬಾಡಿಗೆದಾರರದು. ಸರಕಾರ ನಮ್ಮ ಬಾಗಿಲು ತಟ್ಟಿ ಕೇಳಲಿ ಎನ್ನುವ ನಾವು ಮೊದಲು ಅವರ ಬಾಗಿಲು ತಟ್ಟೋಣ.

ಪರರ ಮಾನವನ್ನು ಕಾಪಾಡುವವರಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ. ಆಮೀನ್.